ಮೊದಲ ನಗುವಿನ ಉಪ್ಪು

ಉಪ್ಪಾ? ಪೆಟ್ಟಿಗೆಯಲ್ಲೇ ಇರಬೇಕು, ಸರಿಯಾಗಿ ನೋಡು... ಇಲ್ವಾ? ಇಲ್ಲದಿದ್ದರೆ ಈ ಪ್ರವಾಸಿಗಳು ಸಪ್ಪೆ ರೊಟ್ಟಿ ತಿನ್ನಲಿ ಬಿಡು. ದುಡ್ಡು ಕೊಟ್ಟಿರೋದು ಕಮರಿ ನೋಡೋಕೆ, ರೊಟ್ಟಿಯ ರುಚಿ ನೋಡೋಕಲ್ಲ.

ಅಯ್ಯೋ, ಹಾಗೆ ಗುದ್ದಬೇಡವೇ! ಹಿಟ್ಟು ನಿನಗೇನು ಮಾಡಿದೆ? ನನ್ನನ್ನು ಗುದ್ದಬೇಕು ಅನ್ನಿಸಿದರೆ ಬಾ, ಇಲ್ಲೇ ಇದ್ದೀನಿ. ನೋಡೋರು ಯಾರೂ ಇಲ್ಲ. ಬಂಡೆಯ ಹೊಟ್ಟೆಯಲ್ಲಿರೋ ಹಳೇ ಮನೆಗಳನ್ನ ದೂರದಿಂದ ತೋರಿಸೋಕೆ ಹಾಸ್ಕಿ ಮಾವ ಎಲ್ಲರನ್ನೂ ಕರ್ಕೊಂಡು ಹೋದ. ಬಿಸಿಲು ಇಲ್ಲಿ ಕೆಳಗಿನ ಮರಳಿಗೆ ಇಳಿಯೋವರೆಗೂ ಬರಲ್ಲ. ನಾನು, ನೀನು, ಅಲ್ಲಿ ಮರದ ಬುಡದಲ್ಲಿ ತೊಟ್ಟಿಲ ಹಲಗೆಗೆ ಕಟ್ಟಿಸಿಕೊಂಡು ಮಲಗಿರೋ ನಿನ್ನ ಮಗ. ಅಷ್ಟೇ.

ಅವನ ಕಡೆ ಯಾಕೆ ನೋಡ್ತೀಯ? ಮುಟ್ಟಲ್ಲ. ಹೆದರಬೇಡ.

ನಿನ್ನನ್ನ ಕರೆದದ್ದು ನಾನಲ್ಲ, ಅದು ನೆನಪಿರಲಿ. "ಅರ್ಲಿಂಡಾ, ಅಡುಗೆಗೆ ಒಬ್ಬಳು ಬೇಕಲ್ಲ, ತಂಗಿ ಬರ್ತಾಳೆ" ಅಂದಳು ಅವ್ವ. ಅವ್ವನ ನೆಲ, ಅವ್ವನ ಕುದುರೆ, ಅವ್ವನ ಮಾತು. ನಾನೇನು, ದಾರಿ ತೋರಿಸೋಳು! ನಿನ್ನೆ ಬೆಂಕಿಯ ಹತ್ತಿರ ಆ ಪ್ರವಾಸಿ ವಿಟ್ಲಾಕನ ಹೆಂಡತಿ ಕೇಳಿದಳಲ್ಲ, "ನೀವಿಬ್ಬರೂ ಅಕ್ಕತಂಗಿಯರಾ? ಕಣ್ಣು ಒಂದೇ ಥರ" ಅಂತ. ನೀನು ಎಷ್ಟು ಚೆಂದವಾಗಿ ತಲೆಯಾಡಿಸಿದೆ! ನಾನು ನಮ್ಮ ಮಾತಿನಲ್ಲೇ ಹೇಳಿದೆ, "ಕಣ್ಣಷ್ಟೇ ಅಲ್ಲಮ್ಮ, ಗಂಡನೂ ಒಬ್ಬನೇ." ಪಾಪ, ಏನೋ ಆಶೀರ್ವಾದ ಅಂದುಕೊಂಡು ಎಲ್ಲರೂ ಮುಗುಳ್ನಕ್ಕರು. ಹಾಸ್ಕಿ ಮಾವನಿಗೆ ಕಾಫಿ ಮೂಗಿಗೆ ಹತ್ತಿತು. ನೀನೊಬ್ಬಳೇ ಕೆಂಡ ಕೆದಕ್ತಾ ಕೂತಿದ್ದೆ.

ಈಗಲೂ ಹಾಗೇ ಇರು. ಹಿಟ್ಟು ನೋಡು, ನನ್ನ ನೋಡಬೇಡ.

ಎರ್ವಿನ್ನನ ಕುದುರೆಯ ಜೀನನ್ನ ನಾನೇ ಬಾಗಿಲ ಹೊರಗಿಟ್ಟೆ, ಹೌದು. ನಮ್ಮಲ್ಲಿ ಹೆಂಗಸು ಗಂಡನ ಜೀನು ಹೊರಗಿಟ್ಟರೆ ಮುಗೀತು, ಕೋರ್ಟು ಕಚೇರಿ ಏನೂ ಬೇಡ. ಅವನು ಬಂದ, ನೋಡಿದ, ಹೆಗಲಿಗೇರಿಸಿಕೊಂಡ, ಹೊರಟ. ಎಲ್ಲಿಗೆ? ಬೇರೆ ಊರಿಗಾ? ಬೇರೆ ಕುಲದೋಳ ಮನೆಗಾ? ಅಂಗಳ ದಾಟಿ ನಿನ್ನ ಬಾಗಿಲಿಗೆ! ನಾನು ಎಸೆದ ಮೇಲೆ ಎತ್ತಿಕೊಂಡೆಯೋ, ಎಸೆಯೋ ಮೊದಲೇ... ಬಿಡು. ಹೇಳಬೇಡ. ನನಗೆ ಬೇಕಾಗಿಲ್ಲ.

ಅವ್ವನ ಗತಿ ನೋಡು. ಅತ್ತೆಯಾದೋಳು ಅಳಿಯನ ಮುಖ ನೋಡೋ ಹಾಗಿಲ್ಲ. ನನ್ನ ಗಂಡ ಅಂತ ಆಗ ಮುಸುಕು ಎಳ್ಕೊಂಡಳು, ನಿನ್ನ ಗಂಡ ಅಂತ ಈಗಲೂ ಎಳ್ಕೊಳ್ತಾಳೆ. ಇಬ್ಬರು ಹೆಣ್ಣುಮಕ್ಕಳನ್ನ ಕೊಟ್ಟೋಳಿಗೆ ಅವನ ಮೂಗು ಎಷ್ಟು ಸೊಟ್ಟ ಅಂತ ಗೊತ್ತಿಲ್ಲ! ಎದುರಿಗೆ ನಿಂತು ಒಂದು ಸಲ ಬೈಯೋ ಭಾಗ್ಯವೂ ಇಲ್ಲ.

ಅದೆಲ್ಲ ನುಂಗಿದೆ ಕಣೇ. ಒಂದು ವರ್ಷ ನುಂಗಿದೆ. ಆದರೆ ನಿನ್ನೆ ಮಧ್ಯಾಹ್ನ, ಕುದುರೆಗಳನ್ನ ಇಳಿಸಿಕೊಂಡು ಬರೋವಾಗ, ಆ ತಿರುವಿನಲ್ಲಿ ನೀನು ಹಾಸ್ಕಿ ಮಾವನಿಗೆ ಏನಂದೆ? "ಮಗು ನಗೋವರೆಗೂ ಅಕ್ಕನ ಕೈಗೆ ಕೊಡಬೇಡ ಮಾವ." ಮೆಲ್ಲಗೇ ಅಂದೆ. ಇಲ್ಲೇ ಹುಟ್ಟಿ ಬೆಳೆದೋಳು, ಈ ಕಮರಿಯ ಗೋಡೆಗಳನ್ನ ಮರೆತೆಯಾ? ಅಲ್ಲಿ ಪಿಸುಗುಟ್ಟಿದ್ದು ಇಲ್ಲಿ ಕಿವಿಯೊಳಗೇ ಬಂದು ಬೀಳುತ್ತೆ.

ಮಗುವಿನ ಮೊದಲ ನಗು ತರಿಸಿದೋರ ಗುಣ ಮಗುವಿಗೆ ಅಂಟುತ್ತೆ. ಸರಿ, ನಂಬಿಕೆ, ನಾನೂ ನಂಬ್ತೀನಿ. ಜಿಪುಣರು, ಜಗಳಗಂಟರು ಹತ್ತಿರ ಬರಬಾರದು. ಸರಿ. ನಾನು ಜಿಪುಣಿಯಾ? ನಿನ್ನ ಶಾಲೆಯ ಬೂಟು ಯಾರು ಕೊಡಿಸಿದ್ದು? ನಿನಗೆ ಮೊದಲ ಕುರಿಮರಿ ಕೊಟ್ಟದ್ದು ಯಾರು? ಅಕ್ಕನ ಹೊಟ್ಟೆಯಲ್ಲಿ ವಿಷ ಇದೆ, ಮಗುವಿಗೆ ಇಳಿಯುತ್ತೆ... ಹೀಗೇ ತಾನೇ ಅಂದುಕೊಂಡಿದ್ದು? ಆ ವಿಷ ಹಾಕಿದ್ದು ಯಾರೇ?

ಅದಕ್ಕೇ ಮಾಡಿದೆ. ಕೇಳು, ಈಗ ಕೇಳು.

ನಿನ್ನೆ ಸಂಜೆ ನೀನು ಒರತೆಗೆ ನೀರಿಗೆ ಹೋದೆಯಲ್ಲ. ಹಾಸ್ಕಿ ಮಾವ ಕುದುರೆ ಕಟ್ಟೋಕೆ ಹೋಗಿದ್ದ. ಆಗ ಆ ವಿಟ್ಲಾಕನನ್ನ ಕರೆದೆ. ಅವನೇ, ಹಲ್ಲಿನ ಡಾಕ್ಟರು! ತಟ್ಟೆಯಲ್ಲಿ ಉಳಿದ ಬಿಸ್ಕತ್ತನ್ನ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕ್ಕೊಳ್ಳೋನು, ಹೆಂಡತಿಯ ಕಾಫಿಯ ಸಕ್ಕರೆ ಪೊಟ್ಟಣವನ್ನೂ ಬಿಡದೋನು. "ಬನ್ನಿ ಸ್ವಾಮಿ, ಈ ಮಗುವನ್ನ ಒಂದಿಷ್ಟು ಆಡಿಸಿ" ಅಂದೆ. ಬಂದ. ಕೋತಿಯ ಹಾಗೆ ಮುಖ ಮಾಡಿದ. ನಿನ್ನ ಮಗ ನಕ್ಕ.

ನಕ್ಕ ಕಣೇ. ಗಟ್ಟಿಯಾಗಿ, ದನಿ ಬಿಟ್ಟು. ಮೊದಲ ನಗು.

ನೀನ್ಯಾಕೆ ನಗ್ತೀಯ? ಹಿಟ್ಟಿನ ಕೈ ಬಾಯಿಗೆ ಅಡ್ಡ ಇಟ್ಕೊಂಡು... ನಗೋ ಮಾತಾ ಇದು? ಯೋಚನೆ ಮಾಡು! ನಗಿಸಿದೋನೇ ಊಟ ಹಾಕಬೇಕು. ಮಗುವಿನ ಕೈ ಹಿಡಿದು ಬಂದೋರಿಗೆಲ್ಲ ಕಲ್ಲುಪ್ಪು ಹಂಚಬೇಕು. ಆ ವಿಟ್ಲಾಕ ಕುರಿ ಕಡಿಸ್ತಾನಾ? ಎಲ್ಲರೂ ಒಂದೇ ಹರಳನ್ನ ನೆಕ್ಕಿ ಪಕ್ಕದೋರಿಗೆ ಕೊಡಿ ಅಂತಾನೆ! ಉಪ್ಪು ಹಂಚದ ಮಗು ದೊಡ್ಡೋನಾಗಿ ಏನಾಗ್ತಾನೆ ಗೊತ್ತಲ್ಲ. ನಿನ್ನ ಮುಪ್ಪಿನಲ್ಲಿ ನೀನು ಕೈ ಚಾಚಿದಾಗ ಬಿಸ್ಕತ್ತನ್ನ ಜೇಬಿಗೆ ಹಾಕ್ಕೊಳ್ತಾನೆ. ಆಗ ನನ್ನ ನೆನೆಸ್ಕೋ. ಅಕ್ಕ ಬಡ್ಡಿ ಸಮೇತ ತೀರಿಸಿದಳು ಅಂದ್ಕೋ!

...ಅಳಲ್ವಾ?

ಬೈಯೇ. ಹಾಸ್ಕಿ ಮಾವನನ್ನ ಕೂಗು. ನಿನ್ನ ಎರ್ವಿನ್ನಿಗೆ ಹೇಳ್ತೀನಿ ಅಂತ ಹೆದರಿಸು. ಏನಾದರೂ ಅನ್ನೇ ವರ್ನಾ, ಹೀಗೆ ಹಿಟ್ಟು ಮಡಚ್ತಾ ಕೂರಬೇಡ.

ಏನದು, ತುಟಿ ಚಾಚಿ ಎತ್ತ ತೋರಿಸ್ತೀಯ? ಡೇರೆಯ ಪಕ್ಕಕ್ಕಾ? ಬಾಟಲಿಗಳು. ಹೌದು, ವಿಟ್ಲಾಕನ ಬಾಟಲಿಗಳೇ. ಬಿಟ್ಟಿ ನೀರು ಅಂತ ಎಲ್ಲದಕ್ಕೂ ಬಾಯಿ ಮಟ್ಟ ತುಂಬಿಸಿಟ್ಟಿದ್ದಾನೆ. ಅದಕ್ಕೇನೀಗ?

...ಯಾವಾಗ ತುಂಬಿಸಿದ?

ನಿನ್ನೆ ಸಂಜೆ ಅವನು... ಡೇರೆಯಲ್ಲಿ ಮಲಗಿದ್ದಾನೆ ಅಂದುಕೊಂಡಿದ್ದೆ ನಾನು. ನಿನ್ನ ಜೊತೆ ಬಂದಿದ್ದನಾ? ಒರತೆಗೆ?

ಮೊದಲೇ ಹೇಳೋಕೇನಾಗಿತ್ತೇ ನಿನಗೆ! ಇಷ್ಟು ಹೊತ್ತು ಬಾಯಿ ಬಡ್ಕೊಳ್ಳೋಕೆ ಬಿಟ್ಟು... ಕಳ್ಳಿ. ಚಿಕ್ಕೋಳಿದ್ದಾಗಲೂ ಹೀಗೇ, ನಾನು ಸುಳ್ಳು ಹೇಳಿ ಮುಗಿಸೋವರೆಗೂ ಸುಮ್ಮನೆ ಕಾಯ್ತಿದ್ದೆ.

ಅಂದರೆ... ಅಲ್ಲಿಗೆ ಕೇಳಿಸಿತು. ಅಲ್ವಾ? ಈ ಹಾಳು ಗೋಡೆಗಳು.

ನಿನ್ನ ಮಗನ ನಗು ಮಾತ್ರ ಕೇಳಿಸಿತಾ?

...ನಂದೂ?

ನಾನು ಎತ್ತಿಕೊಳ್ಳಲಿಲ್ಲ, ಅವ್ವನಾಣೆ. ಬೈಯೋಕೆ ಹೋಗಿದ್ದೆ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಬೈದೆ, "ಕಳ್ಳನ ಮಗನೇ, ಸೊಟ್ಟಮೂಗಿನೋನ ಸೊಟ್ಟಮೂಗೇ, ನಿನ್ನಪ್ಪ ಹೊರೋ ಜೀನು ನನ್ನ ಮನೆಯದು ಕಣೋ" ಅಂತ. ಗಮನವಿಟ್ಟು ಕೇಳಿದ, ಏನೋ ನ್ಯಾಯ ತೀರಿಸೋನ ಹಾಗೆ. ಆಮೇಲೆ ನಕ್ಕ. ಬೈದದ್ದಕ್ಕೆ ನಕ್ಕ ಕಣೇ! ಇನ್ನೂ ಕೆಟ್ಟದಾಗಿ ಬೈದೆ. ಇನ್ನೂ ನಕ್ಕ. ನಾನೇನು ಮಾಡಲಿ? ನನಗೂ... ಬಂತು.

ಹಾಗೆ ಕೈ ಚಾಚಬೇಡ. ಏನು ಬೇಕು? ನನ್ನ ಜೇಬಿನಲ್ಲಿ ಏನಿದೆ ನೋಡ್ತೀಯಾ? ತಗೋ. ಹೌದು, ಉಪ್ಪಿನ ಗಂಟೇ. ನಾನೇ ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದಿಟ್ಟುಕೊಂಡೆ. ಹಿಟ್ಟಿಗೆ ಒಂದು ಚಿಟಿಕೆ ಹಾಕಿ ವಾಪಸ್ ಕೊಡು. ಉಳಿದದ್ದು ಊಟದ ದಿನಕ್ಕೆ. ಊಟ ನಾನೇ ಹಾಕ್ತೀನಿ, ನನ್ನ ಕುರಿಯನ್ನೇ ಕಡಿಸ್ತೀನಿ.

ಕ್ಷಮಿಸಿದೆ ಅಂದುಕೊಂಡೆಯಾ? ಕಣ್ಣೀರು ಒರೆಸ್ಕೋ, ಹಿಟ್ಟಿಗೆ ಬೀಳುತ್ತೆ. ಉಪ್ಪು ಈಸ್ಕೊಳ್ಳೋಕೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಅವನೂ ನಿಲ್ಲಬೇಕು. ಮಗುವಿನ ಅಪ್ಪ, ತಪ್ಪಿಸಿಕೊಳ್ಳೋ ಹಾಗಿಲ್ಲ. ಇಡೀ ಕುಲದ ಮುಂದೆ, ನಾನು ಹಿಡಿದ ಮಗುವಿನ ಮುಂದೆ, ನನ್ನ ಮುಂದೆ, ಕೈ ಒಡ್ಡಿಕೊಂಡು! ಎಲ್ಲಕ್ಕಿಂತ ದೊಡ್ಡ ಹರಳು ಅವನಿಗೆ. ಅದನ್ನ ಈಗಲೇ ಆರಿಸಿಟ್ಟಿದ್ದೀನಿ, ನೋಡು, ಇದು. ಬಾಯಿಗೆ ಹಾಕ್ಕೊಂಡು ಅಗಿಯಬೇಕು. ಉಗುಳೋ ಹಾಗಿಲ್ಲ. ಅವ್ವ ಮುಸುಕಿನೊಳಗಿಂದ ಆ ಕಟಕಟ ಸದ್ದಾದರೂ ಕೇಳಿಸ್ಕೊಳ್ಳಲಿ. ಕಣ್ಣು ಕೆಂಪಾಗಿ ಅವನು ನೀರು ಕೇಳ್ತಾನೆ. ಆಗ ನೀರು ಕೊಡೋಕೆ ನೀನು ಏಳಬಾರದು.

ಏಳಲ್ಲ ತಾನೇ?

ಮಾತಾಡೇ... ಏನು ಹಾಗೆ ನೋಡ್ತೀಯ ನನ್ನ? ನಾನ್ಯಾಕೆ ಏಳಲಿ? ನನಗೇನು ಅವನ ಬಾಯಾರಿಕೆ? ಹಾಗೆ ನೋಡಬೇಡ ಅಂದೆನಲ್ಲ!

ಏಳಲ್ಲ ಕಣೇ.

...ಏಳಲ್ಲ.