ಮುನ್ನೂರ ಹನ್ನೆರಡನೆಯ ಮಗು

ಹೆಸರು ಮುದ್ದಣ್ಣ ಶೆಟ್ಟಿ, ತಂದೆ ದಿವಂಗತ ತಿಮ್ಮಪ್ಪ ಶೆಟ್ಟಿ, ಪ್ರಾಯ 56 ವರ್ಷ, ವೃತ್ತಿ ಸೈಕಲ್ ರಿಪೇರಿ, ವಾಸ ಕಾಪು ಪೇಟೆ, ಉಡುಪಿ ತಾಲೂಕು. ಓದಿದ್ದು ಐದನೇ ಕ್ಲಾಸು; ಆದರೆ ಕಾಪುವಿನಿಂದ ಪಡುಬಿದ್ರಿಯವರೆಗೆ ನಾನು ಬಿಚ್ಚಿ ಜೋಡಿಸದ ಸೈಕಲ್ ಇಲ್ಲ, ಅದನ್ನೂ ಬರೆದುಕೊಳ್ಳಬೇಕು. ಯಾರೂ ಕರೆಯದೆ ನಾನಾಗಿಯೇ ಕಾರ್ಕಳ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 12-8-1988ರ ಶುಕ್ರವಾರ ಬೆಳಿಗ್ಗೆ ನನ್ನ ಅಕ್ಕ ವಿನೋದಾಳ ಮಗಳು ಮೋಹಿನಿಗೆ ಕಾರ್ಕಳದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹೆಣ್ಣು ಮಗು ಹುಟ್ಟಿತು. ನಮ್ಮದು ಅಳಿಯಕಟ್ಟು, ಕುಟುಂಬವನ್ನು ತಾಯಿಯ ಕಡೆಯಿಂದ ಎಣಿಸುವವರು. ಆದುದರಿಂದ ಸೋದರಮಾವನಾದ ನಾನೇ ಮಗುವನ್ನು ಬರೆಸಲು ಸುಮಾರು 11 ಗಂಟೆಗೆ ಕೌಂಟರಿಗೆ ಹೋದೆನು. ಅಲ್ಲಿ ಈ ವರ್ಷ ಜನವರಿಯಲ್ಲಿ ತರಿಸಿದ ಕಂಪ್ಯೂಟರ್ ಇತ್ತು. ಅದರ ಮುಂದೆ ಬೆಳ್ಮಣ್ಣಿನ ಗ್ಲ್ಯಾಡಿಸ್ ಬಾಯಿ ಕೂತಿದ್ದರು. ಅವರು ಏನೋ ಒತ್ತಿದ ಕೂಡಲೇ ಪರದೆಯ ಮೇಲೆ ಹಸಿರು ಬಣ್ಣದಲ್ಲಿ 312 ಎಂದು ಬಂತು. ನಂಬರ್ ಕೊಟ್ಟವರು ಯಾರೆಂದು ಕೇಳಿದ್ದಕ್ಕೆ, ಯಂತ್ರವೇ ಕೊಡುತ್ತದೆ ಶೆಟ್ರೇ, ನಾವು ಮುಟ್ಟುವ ಹಾಗಿಲ್ಲ ಎಂದರು. ನನಗೆ ಇಂಗ್ಲಿಷ್ ಅಂಕಿ ಬರುತ್ತದೆಂದು ನಾಲ್ಕು ಜನರಿಗೆ ತಿಳಿಯಲಿ ಎಂದು ನಾನು ಅದನ್ನು ಗಟ್ಟಿಯಾಗಿ ಓದಿದೆನು.

ಅಷ್ಟರಲ್ಲಿ ಅಕ್ಕ ಓಡಿ ಬಂದು, ಎಂತ ಮಾರಾಯ, ರಾಹುಕಾಲದಲ್ಲಿ ಮಗುವನ್ನು ಬರೆಸುವುದಾ, ನಿನಗೆ ತಲೆ ಉಂಟಾ ಎಂದು ಗದರಿದಳು. ಗ್ಲ್ಯಾಡಿಸ್ ಬಾಯಿ ನಕ್ಕು, ಯಂತ್ರಕ್ಕೆ ರಾಹು ಇಲ್ಲ, ಅಕ್ಕನವರಿಗೆ ಉಂಟಲ್ವಾ ಎಂದು ಹೇಳಿ, ಒಂದಕ್ಷರವನ್ನೂ ಬರೆಯದೆ ಅದನ್ನು ರದ್ದು ಮಾಡಿದರು. ಪರದೆ ಖಾಲಿಯಾಯಿತು. 12 ಗಂಟೆ ಕಳೆದ ಮೇಲೆ ಪುನಃ ಹೋದಾಗ 313 ಬಂತು. ನಡುವೆ ಬೇರೆ ಮಗು ಹುಟ್ಟಿರಬೇಕೆಂದು ಸುಮ್ಮನಾದೆನು.

ನಿನ್ನೆ ಸೋಮವಾರ ಮೋಹಿನಿಯ ಔಷಧಿಗೆಂದು ಹೋದಾಗ ಗೇಟಿನಲ್ಲಿ ಜನ ಸೇರಿದ್ದರು. 312ನೇ ಮಗು ಪಟ್ಟಿಯಲ್ಲಿಲ್ಲ, ಗ್ಲ್ಯಾಡಿಸ್ ಅದನ್ನು ಯಾರಿಗೋ ಮಾರಿ ಹೆಸರು ಅಳಿಸಿದ್ದಾಳೆ ಎಂದು ಮ್ಯಾನೇಜರ್ ತಾರಾನಾಥರು ದೂರು ಕೊಟ್ಟಿದ್ದರು. ನಾನು ಠಾಣೆಗೆ ಬಂದು ನೋಡಿದರೆ ಆ ಹೆಂಗಸು ಬೆಂಚಿನಲ್ಲಿ ಕೂತು, ನಾನು ಯಾವ ಮಗುವನ್ನೂ ಅಳಿಸಿಲ್ಲ ಎಂಬ ಒಂದೇ ಮಾತು ಹೇಳುತ್ತಿದ್ದರು. ಬರೆಯದೇ ಬಿಟ್ಟದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿದೀತೆಂದು ಅವರಿಗೆ ಹೊಳೆದಿರಲಿಲ್ಲ. ನಾನು ಸಬ್ ಇನ್ಸ್‌ಪೆಕ್ಟರ್ ಸಾಹೇಬರಿಗೆ ರಾಹುಕಾಲದ ವಿಷಯ ತಿಳಿಸಿದೆನು. ಅವರು ನಂಬಲಿಲ್ಲ, ಆದರೂ ಮಣಿಪಾಲದಿಂದ ಕಂಪ್ಯೂಟರ್ ಬಲ್ಲ ಹಯಗ್ರೀವರನ್ನು ಕರೆಸಿದರು.

ಇಂದು ಬೆಳಿಗ್ಗೆ 10 ಗಂಟೆಗೆ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಸಾಹೇಬರ ಎದುರು ಪರೀಕ್ಷೆ ನಡೆಯಿತು. ಚೈನ್ ಒಂದು ಹಲ್ಲು ಹಾರಿರಬೇಕು, ಬಿಚ್ಚಿ ನೋಡುವ ಎಂದು ನಾನು ಸಲಹೆ ಕೊಟ್ಟೆನು. ಹಯಗ್ರೀವರು, ಮಾವ, ಇದರೊಳಗೆ ಚೈನ್ ಇಲ್ಲ, ನಿಮ್ಮ ಸ್ಪ್ಯಾನರ್ ಕಿಸೆಯಲ್ಲೇ ಇರಲಿ ಎಂದರು. ತಾಯಂದಿರ ಪಟ್ಟಿ ಬೇರೆ, ಮಕ್ಕಳ ಪಟ್ಟಿ ಬೇರೆ, ನಡುವೆ ಹೊಕ್ಕುಳಬಳ್ಳಿಯ ಹಾಗೆ ಇರುವುದು ಈ ನಂಬರ್ ಮಾತ್ರ. ಒಮ್ಮೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಒಬ್ಬಳ ಮಗು ಇನ್ನೊಬ್ಬಳ ಮಡಿಲಿಗೆ ಹೋದೀತು, ಆದುದರಿಂದ ಕೊಟ್ಟ ನಂಬರನ್ನು ಯಂತ್ರ ವಾಪಸ್ ಪಡೆಯುವುದಿಲ್ಲ ಎಂದು ವಿವರಿಸಿದರು.

ಪರೀಕ್ಷೆಗೆ ಒಂದು ಮಗು ಬೇಕಾಯಿತು. ನನ್ನನ್ನೇ ಬರೆಯಿರಿ ಎಂದೆನು. 327 ಬಂತು. ರದ್ದು ಮಾಡಿದರು. ಪರದೆಯಲ್ಲಿ ನಾನು ಹುಟ್ಟಿದ ಗುರುತೇ ಉಳಿಯಲಿಲ್ಲ. ಪುನಃ ತೆರೆದಾಗ 328 ಬಂತು. ಸಾಹೇಬರು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು. ಸ್ಲೇಟು ಒರೆಸಿದ ಮೇಲೂ ಬರೆದದ್ದನ್ನು ಮರೆಯದ, ಹುಟ್ಟದವನ ಜಾಗದಲ್ಲಿ ಹುಟ್ಟಿದವನನ್ನು ಕೂರಿಸದ ಇಂಥದೊಂದನ್ನು ನನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ಆ 328ನ್ನು ಹೊರಗೆ ಕಾಯುತ್ತಿದ್ದ ಬಜಗೋಳಿಯವರೊಬ್ಬರ ಗಂಡು ಮಗುವಿಗೆ ಬರೆದರು. ಬರೆದವರು ಗ್ಲ್ಯಾಡಿಸ್ ಬಾಯಿ. ಹೆಸರನ್ನು ಎರಡು ಸಲ ತಿದ್ದಿದರು. ತಾರಾನಾಥರು ಯಾರೂ ಹೇಳದೆ ಅವರಿಗೊಂದು ಲೋಟ ನೀರು ತಂದಿಟ್ಟರು.

312 ಎಂಬ ಮಗು ಹುಟ್ಟಿಯೇ ಇಲ್ಲ, ಅದು ನಮ್ಮ ಅಕ್ಕನ ರಾಹುಕಾಲ. ಇನ್ನು ಮುಂದೆ ಯಾರಾದರೂ 327ನೇ ಮಗು ಎಲ್ಲಿ ಎಂದು ದೂರು ತಂದರೆ ಗ್ಲ್ಯಾಡಿಸ್ ಬಾಯಿಯನ್ನು ಕರೆಸಬಾರದೆಂದು ವಿನಂತಿ. ಆ ಮಗು ನಾನು. ನನ್ನನ್ನು ಯಾರೂ ಕದ್ದಿಲ್ಲ. ಕಾಪು ಪೇಟೆಯಲ್ಲಿ ಪಂಕ್ಚರ್ ಹಾಕುತ್ತಾ ಇರುತ್ತೇನೆ.

ಓದಿ ಹೇಳಿದ್ದನ್ನು ಕೇಳಿದೆನು. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಕಾರ್ಕಳ
ದಿನಾಂಕ: 23-8-1988
(ಸಹಿ) ಮುದ್ದಣ್ಣ ಶೆಟ್ಟಿ