ಅಮ್ಮನಿಗೆ ಬಂದ ಫೋನು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ವಿದ್ಯಾರ್ಥಿನಿ, ಪಕ್ಕದಲ್ಲಿ ಅವಳಿಗೆ ವಿದೇಶಿ ಪತ್ರಿಕೆಗಳಿಗೆ ಬರೆಯುವುದನ್ನು ಕಲಿಸುವ ಮೇಷ್ಟ್ರು ನಿಂತಿದ್ದರು.

"ನಮ್ಮನೆ ಬಗ್ಗೆ ಬರೆದ ಲೇಖನದ ಮೊದಲನೇ ಪ್ಯಾರಾದಲ್ಲೇ ಹಸಿವು ಇರ್ಲಿ ಅಂದೋರು ನೀವೇ ಸರ್."

"ಹೊರಗಿನ ಓದುಗರು ಕೇಳೋದು ಅದನ್ನೇ ಕಣಮ್ಮ."

"ನಮ್ಮಮ್ಮ ಟೈಲರ್ ಸರ್. ಒಂದಿನಾನೂ ನಮ್ಮನ್ನ ಉಪವಾಸ ಕೆಡವಿದೋಳಲ್ಲ. ಪತ್ರಿಕೆಯೋರು ನಮ್ಮ ಭಾಷೆ ಬರೋರ ಕೈಲಿ ಅವಳಿಗೆ ಫೋನ್ ಮಾಡ್ಸಿ, ಮಕ್ಕಳನ್ನ ಹಸ್ಕೊಂಡೇ ಮಲಗಿಸ್ತಿದ್ರಾ ಅಂತ ಕೇಳಿದ್ರು."

"ಅಯ್ಯೋ, ಬರೆದಿದ್ದನ್ನೆಲ್ಲ ಅವ್ರು ವಿಚಾರಿಸ್ತಾರೆ ಅಂತ ಹೇಳೋದೇ ಮರೆತೆ. ಅಮ್ಮ ಏನಂದ್ರು?"

"ಹೌದು ಅಂದ್ಳು. ನಾನು ಸುಳ್ಳಿ ಅನ್ನಿಸ್ಕೋಬಾರದು ಅಂತ."

"ಸದ್ಯ! ಹಾಗಾದ್ರೆ ಲೇಖನ ಅಚ್ಚಾಗುತ್ತೆ."

"ಅವತ್ತಿಂದ ಊಟಕ್ಕೆ ಬಡಿಸ್ತಾಳೆ, ಮುಖ ನೋಡಲ್ಲ."

"ಅದನ್ನೂ ಬರಿ. ಕೊನೇ ಪ್ಯಾರಾಕ್ಕೆ ಚೆನ್ನಾಗಿರುತ್ತೆ."

ಬಸ್ಸು ಬಂತು. ಅವಳು ಹತ್ತಿ, ಬಾಗಿಲಿಗೆ ಅಡ್ಡ ನಿಂತಳು.

"ನೀವು ಮುಂದಿನ ಬಸ್ಸಿಗೆ ಬನ್ನಿ ಸರ್."