ಸ್ವಲ್ಪ ಮರೆವು ಜಾಸ್ತಿ

ಫ್ರೀಮಾಂಟ್ ಸ್ಟೇಷನ್ನಿನಲ್ಲಿ ಟ್ರೈನು ತಡವಾಗಿತ್ತು. ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು.

“ನಿಮ್ಮ ಅಸಿಸ್ಟೆಂಟ್ ಮಾರಿಸೆಲ್‌ಗೆ ಆ ಹೊಸ ಕೆಲಸ ಸಿಕ್ತೇನ್ರೀ?”

“ಇಲ್ಲ ಕಣೆ. ಆ ಕಂಪನಿಯವರು ನಂಗೇ ಫೋನ್ ಮಾಡಿ ವಿಚಾರಿಸಿದ್ರು.”

“ಏನಂದ್ರಿ?”

“ಒಳ್ಳೆಯವಳೇ, ಸ್ವಲ್ಪ ಮರೆವು ಜಾಸ್ತಿ ಅಂದ್ಬಿಟ್ಟೆ.”

“ಮರೆವಾ? ನಮ್ಮ ಮಗಳ ಡೆಂಟಿಸ್ಟ್ ಅಪಾಯಿಂಟ್‌ಮೆಂಟೂ ಅವಳೇ ನೆನಪು ಮಾಡೋದು!”

“ಅದಕ್ಕೇ ಕಣೆ. ಅವಳು ಹೋಗ್ಬಿಟ್ರೆ ನನ್ನ ಗತಿ?”

“ಅವಳಿಗೆ ಗೊತ್ತಾ?”

“ಇಲ್ಲ. ನಂಗೋಸ್ಕರ ಮಾತಾಡಿದ್ರಲ್ಲ ಅಂತ ಕೇಕ್ ಮಾಡ್ಕೊಂಡು ಬಂದಿದ್ಲು.”

“ತಿಂದ್ರಾ?”

ಆತನ ಕೈಯಲ್ಲಿದ್ದ ಫೋನು ಸದ್ದು ಮಾಡಿತು.

“ಯಾರು?”

“ಅವಳೇ. ಟ್ರೈನು ಲೇಟಂತೆ, ನಿಮ್ಮ ಮೀಟಿಂಗು ಹತ್ತಕ್ಕೆ ಹಾಕಿದೀನಿ, ನಿಧಾನವಾಗಿ ಬನ್ನಿ ಅಂತ.”

ಟ್ರೈನು ಬಂತು. ಆಕೆ ಒಬ್ಬರೇ ಎದ್ದು ಮುಂದಿನ ಬೋಗಿಗೆ ನಡೆದರು.